ಇಂಗ್ಲಿಷ್ ಕಲಿಯಲಿ, ಆದರೆ ಮನೆಮಾತನ್ನು ಗೇಟಿನ ಹೊರಗೆ ಬಿಡಿಸಬೇಡಿ

ವಿಜಯಪುರದಲ್ಲಿ ಉರ್ದು ಶಾಲೆ ಬಿಡಿಸಿ ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕುವ ತಾಯಂದಿರನ್ನು ಬೈಯುವವರು ಜಾಸ್ತಿ. ನಾನು ಬೈಯುವುದಿಲ್ಲ. ಎಸ್‌ಎಸ್‌ಎಲ್‌ಸಿವರೆಗೆ ಉರ್ದುವಿನಲ್ಲಿ ಓದಿದ ಹುಡುಗಿ ಪಿಯುಸಿ ಸೈನ್ಸಿಗೆ ಹೋದರೆ ಪುಸ್ತಕವೆಲ್ಲ ಇಂಗ್ಲಿಷ್. ಆಗ ಒದ್ದಾಡುವವಳು ಅವಳೇ. "ನಮ್ಮ ಮಗಳು ಇಂಗ್ಲಿಷ್ ಕಲೀಬೇಕ್ರಿ ಸರ್" ಅಂತ ತಾಯಿ ಕೇಳುವುದರಲ್ಲಿ ನ್ಯಾಯವಿದೆ.

ನನ್ನ ತಕರಾರು ಇರುವುದು ಒಂದನೇ ಕ್ಲಾಸಿನಿಂದಲೇ ಎಲ್ಲವನ್ನೂ ಬರೀ ಇಂಗ್ಲಿಷಿನಲ್ಲಿ ಕಲಿಸುವುದಕ್ಕೆ. ಆ ಮಗು ಮನೆಯಲ್ಲಿ ದಖನಿ ಉರ್ದು ಮಾತಾಡುತ್ತದೆ, ಓಣಿಯಲ್ಲಿ ಕನ್ನಡ. ಇಂಗ್ಲಿಷ್ ಕಿವಿಗೆ ಬೀಳುವುದು ಶಾಲೆಯಲ್ಲಿ ಮಾತ್ರ. ತಾಂಡಾದ ಮಕ್ಕಳ ಪಾಡು ಇನ್ನೂ ಕಷ್ಟ. ಅವರ ಮನೆಮಾತು ಲಂಬಾಣಿ. ಕನ್ನಡ ಶಾಲೆಗೆ ಬಂದರೂ ಅವರಿಗದು ಎರಡನೇ ಭಾಷೆಯೇ, ಅಲ್ವಾ?

ಇಂಡಿ ಸಂತೆಯಲ್ಲಿ ಅವ್ವನ ಪಕ್ಕ ಕೂತು ನಿಂಬೆಹಣ್ಣಿನ ಲೆಕ್ಕವನ್ನು ಬಾಯಲ್ಲೇ ಹೇಳುವ ಹುಡುಗ, ಅದೇ ಲೆಕ್ಕ ಇಂಗ್ಲಿಷ್ ವಾಕ್ಯದಲ್ಲಿ ಬಂದರೆ ಸುಮ್ನೆ ಕೂತುಬಿಡುತ್ತಾನೆ. ಪ್ರಶ್ನೆ ಅರ್ಥವಾಗಿಲ್ಲ, ಅಷ್ಟೇ. ಆದರೆ ಮಾರ್ಕ್ಸ್ ಹೋಗುವುದು ಗಣಿತದಲ್ಲಿ. ವರ್ಷಗಟ್ಟಲೆ ಹೀಗಾದರೆ ತನಗೆ ತಲೆಯೇ ಇಲ್ಲ ಅಂತ ಮಗು ನಂಬಿಬಿಡುತ್ತದೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೆ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಿ ಅಂತ ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಮಾಧ್ಯಮ ಆರಿಸುವುದು ಪಾಲಕರ ಹಕ್ಕು, ಸರ್ಕಾರ ಹೇರುವಂತಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರಿ, ಆರಿಸೋಣ. ಆದರೆ ಪೂರ್ತಿ ಉರ್ದು ಇಲ್ಲವೇ ಪೂರ್ತಿ ಇಂಗ್ಲಿಷ್ ಅಂದರೆ ಬಡ ತಾಯಿ ಏನನ್ನು ಆರಿಸಬೇಕು?

ಕ್ಯಾಲಿಫೋರ್ನಿಯಾದಲ್ಲೂ ಈ ಜಗಳ ನಡೆದಿದೆ. ಅಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳೇ ಲಕ್ಷಗಟ್ಟಲೆ. ಇಂಗ್ಲಿಷ್ ಬಾರದ ಮಕ್ಕಳಿಗೂ ಹೆಚ್ಚುಕಡಿಮೆ ಇಂಗ್ಲಿಷಿನಲ್ಲೇ ಪಾಠ ಮಾಡಬೇಕು ಅಂತ 1998ರಲ್ಲಿ ಜನ ವೋಟು ಹಾಕಿ ಕಾನೂನು ತಂದರು. 2016ರಲ್ಲಿ ಜನರೇ ಮತ್ತೆ ವೋಟು ಹಾಕಿ ಆ ಕಟ್ಟುಪಾಡು ತೆಗೆದರು, ಎರಡು ಭಾಷೆಯ ಕ್ಲಾಸುಗಳಿಗೆ ದಾರಿ ಬಿಟ್ಟರು. ನಡುವೆ ಹೋದದ್ದು 18 ವರ್ಷ. ಒಂದು ಮಗುವಿನ ಓದು ಅಷ್ಟರಲ್ಲಿ ಮುಗಿದೇ ಹೋಗುತ್ತದೆ.

ನಾವು ಅಷ್ಟು ಕಾಯಬೇಕಾಗಿಲ್ಲ. ಇಂಗ್ಲಿಷನ್ನು ಮೊದಲಿಂದಲೇ ಕಲಿಸಿ, ಚೆನ್ನಾಗಿ ಕಲಿಸಿ. ಗಣಿತ, ಪರಿಸರ ಪಾಠಗಳನ್ನು ಮೊದಲ ವರ್ಷಗಳಲ್ಲಿ ಮನೆಮಾತಿನಲ್ಲಿ ಬಿಡಿಸಿ ಹೇಳಿ, ಇಂಗ್ಲಿಷ್ ಪದಗಳನ್ನು ಜೊತೆಗೇ ಕೊಡಿ. ತಾಂಡಾದ ಶಾಲೆಗೆ ಟೀಚರ್ ಕಳಿಸುವಾಗ ಲಂಬಾಣಿ ಬಲ್ಲವರನ್ನು ಮೊದಲು ಹುಡುಕಿ. ಶಾಲೆಯ ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಪಾಲಕರು ಇಷ್ಟನ್ನು ಬರೆಸಿಯೇ ಎದ್ದು ಬನ್ನಿ.