ಕೋಡ್ ಬೇಡ, ಅಣ್ಣ ಇದ್ದಾನೆ

ಮತ್ತೊಂದು ಜಾಹೀರಾತು ಕಣ್ಣಿಗೆ ಬಿತ್ತು. ಕೋಡಿಂಗ್ ಬರದಿದ್ದರೂ ಚಿಂತೆಯಿಲ್ಲವಂತೆ, ನಿಮ್ಮ ಆ್ಯಪ್ ನೀವೇ ಮಾಡಿಕೊಳ್ಳಬಹುದಂತೆ. ಮೌಸಲ್ಲಿ ಎಳೆದು ಬಿಟ್ಟರೆ ಮುಗೀತು. ಅದರ ಕೆಳಗೇ ಇನ್ನೊಂದು ಸಾಲು: ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಪರಿಣತ ಸ್ವಯಂಸೇವಕರು ಆನ್‌ಲೈನ್‌ನಲ್ಲಿ ಟಿಪ್ಸ್ ಕೊಡುತ್ತಾರಂತೆ, ಅದೂ ಪುಕ್ಕಟೆ.

ಏನೂ ಕಲಿಯಬೇಕಿಲ್ಲ ಅನ್ನುವ ವಿದ್ಯೆಗೆ ಇಷ್ಟೊಂದು ಮೇಷ್ಟ್ರುಗಳು ಯಾಕೆ ಬೇಕು ಸ್ವಾಮಿ?

ಪ್ರೋಗ್ರಾಮರ್ ಬೇಡ ಅನ್ನುವುದು ಹಳೇ ರಾಗ. 1959ರಲ್ಲಿ ಕೋಬಾಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಕೆಲಸ ಶುರುವಾದಾಗ, ಇದು ಇಂಗ್ಲಿಷ್ ಇದ್ದ ಹಾಗೇ ಇರುತ್ತೆ, ಮ್ಯಾನೇಜರುಗಳೂ ಓದಬಹುದು ಅಂದರು. ಯಾವ ಮ್ಯಾನೇಜರೂ ಓದಲಿಲ್ಲ. ಕೋಬಾಲ್ ಪ್ರೋಗ್ರಾಮರ್ ಅನ್ನುವ ಹೊಸ ಕುಲವೊಂದು ಹುಟ್ಟಿತು, ಅಷ್ಟೇ. 2000ನೇ ಇಸವಿ ಬಂದರೆ ಹಳೇ ಪ್ರೋಗ್ರಾಮುಗಳು ದಿನಾಂಕ ತಪ್ಪುತ್ತವೆ ಅನ್ನುವ ವೈಟುಕೆ ಗಲಾಟೆಯಲ್ಲಿ ಆ ಕುಲದವರಿಗೆ ಬೆಂಗಳೂರಿನಲ್ಲಿ ಬಂದ ಸಂಬಂಧಗಳೇನು, ಕಟ್ಟಿಸಿದ ಮನೆಗಳೇನು! 2014ರಲ್ಲಿ ಫಾರೆಸ್ಟರ್ ಅನ್ನುವ ಮಾರುಕಟ್ಟೆ ಸಂಶೋಧನಾ ಸಂಸ್ಥೆಯವರು ಅದೇ ರಾಗಕ್ಕೆ ಲೋ-ಕೋಡ್, ಅಂದರೆ ಕಡಿಮೆ ಕೋಡ್, ಅಂತ ಹೆಸರಿಟ್ಟರು. ಆಮೇಲೆ ಅಂಥದ್ದೇ ಇನ್ನೊಂದು ಸಂಸ್ಥೆ ಗಾರ್ಟ್‌ನರ್‌ನವರು, ಕಂಪನಿಗಳ ಹೊಸ ಆ್ಯಪ್‌ಗಳಲ್ಲಿ ಶೇ 70ರಷ್ಟು 2025ರ ಹೊತ್ತಿಗೆ ಹೀಗೇ ತಯಾರಾಗುತ್ತವೆ ಅಂತ ಕಣಿ ಹೇಳಿದರು.

ಹೀಗೆ ಆ್ಯಪ್ ಕಟ್ಟುವ ಸಾಧನವಾದ ಮೈಕ್ರೋಸಾಫ್ಟ್‌ನ ಪವರ್ ಆ್ಯಪ್ಸ್ ತಗೊಳ್ಳಿ. ಎಚ್‌ಆರ್ ವಿಭಾಗದ ಒಬ್ಬರಿಗೆ ಸಿಟಿಜನ್ ಡೆವಲಪರ್ ಅಂತ ಬಿರುದು ಕೊಟ್ಟು ಕೂರಿಸುತ್ತಾರೆ. ಪಾಪ, ಅವರು ಆಫೀಸಿನ ಮಾಹಿತಿ ಸಾಲುಸಾಲಾಗಿ ಇಡುವ ಶೇರ್‌ಪಾಯಿಂಟ್ ಲಿಸ್ಟಿನ ಮೇಲೆ ಚೆಂದದ ಒಂದು ರಜೆ ಆ್ಯಪ್ ಮಾಡುತ್ತಾರೆ. ಡೆಮೋದಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಲಿಸ್ಟು 500 ಸಾಲು ದಾಟುತ್ತದೆ. ಅಲ್ಲಿಂದ ಆಚೆಗೆ ಆ್ಯಪ್‌ನ ಕಣ್ಣು ಮಂಜು. ಹುಡುಕುವ ಕೆಲಸವನ್ನು ಲಿಸ್ಟಿಗೇ ವಹಿಸಲು ಆಗದಿದ್ದರೆ, ಆ್ಯಪ್ ಮೊದಲ 500 ಸಾಲು ಮಾತ್ರ ತಂದು ಅದರಲ್ಲೇ ಹುಡುಕುತ್ತದೆ. ಸೆಟ್ಟಿಂಗ್ಸ್‌ನಲ್ಲಿ ತಿರುವಿದರೆ 2000ದವರೆಗೆ ಏರಿಸಬಹುದು. ಅದರಾಚೆ ಇರುವ ನೌಕರ ಹುಟ್ಟೇ ಇಲ್ಲ! ಬಳಸುವವರಿಗೆ ಎರರ್ ಕೂಡ ಕಾಣಲ್ಲ. ಆ್ಯಪ್ ಕಟ್ಟುವಾಗ ಎಚ್ಚರಿಕೆಯ ಒಂದು ಪುಟ್ಟ ಹಳದಿ ತ್ರಿಕೋನ ಬಂದಿರುತ್ತದೆ. ಅದನ್ನು ಯಾರು ನೋಡುತ್ತಾರೆ?

ಆಗ ಅಣ್ಣ ಬರುತ್ತಾನೆ, ಜಾಹೀರಾತಿನ ಆ ಪುಕ್ಕಟೆ ಸ್ವಯಂಸೇವಕ. ರಾತ್ರಿ ಹನ್ನೊಂದು ಗಂಟೆಗೆ, ಮಕ್ಕಳನ್ನು ಮಲಗಿಸಿ. 'ಸರ್ಚ್ ಬೇಡ, ಫಿಲ್ಟರ್ ಒಳಗೆ ಸ್ಟಾರ್ಟ್ಸ್‌ವಿತ್ ಹಾಕಿ' ಅಂತ ಟಿಪ್ಸ್ ಕೊಡುತ್ತಾನೆ. ಸರಿಯಾದ ಸಲಹೆಯೇ, ಈ ಫಾರ್ಮುಲಾ ಹುಡುಕುವ ಕೆಲಸವನ್ನು ಲಿಸ್ಟಿಗೇ ವಹಿಸುತ್ತದೆ. ಆದರೆ ಸ್ಟಾರ್ಟ್ಸ್‌ವಿತ್ ನೋಡುವುದು ಹೆಸರಿನ ಶುರುವನ್ನು ಮಾತ್ರ. ನಮ್ಮ ಕಡೆಯ ಆಫೀಸಿನಲ್ಲಿ ಇದನ್ನು ಹಾಕಿ ನೋಡಿ. 'ಗೌಡ' ಅಂತ ಹುಡುಕಿದರೆ ಒಬ್ಬನೂ ಸಿಗಲ್ಲ. ಮಂಡ್ಯದ ಬ್ರಾಂಚಿನಲ್ಲಿ ಗೌಡರೇ ಇಲ್ಲ ಅಂದರೆ ನಂಬುವವರು ಯಾರು? 'ಎಚ್' ಅಂತ ಹೊಡೆಯಿರಿ, ಇನಿಷಿಯಲ್ ಮುಂದಿಟ್ಟುಕೊಂಡ ಎಚ್. ಎನ್., ಎಚ್. ಎಸ್., ಎಚ್. ಆರ್. ಎಲ್ಲರೂ ಸಾಲಾಗಿ ಬಂದು ನಿಲ್ಲುತ್ತಾರೆ. ಇದಕ್ಕೂ ಅಣ್ಣನ ಹತ್ತಿರ ಇನ್ನೊಂದು ಟಿಪ್ ಇದೆ. ಅದು ಮೂವತ್ತು ಸಾಲಿನ ಫಾರ್ಮುಲಾ. ಅದನ್ನು ಕೋಡ್ ಅನ್ನಬಾರದು, ಬೇಜಾರು ಮಾಡಿಕೊಳ್ಳುತ್ತಾರೆ.

ಅಷ್ಟೊತ್ತಿಗೆ ವಸ್ತುವಿನ ಹೆಸರೇ ಬದಲಾಗಿರುತ್ತದೆ. ಇದೊಂದು ಕಥೆ ಹೇಳಲೇಬೇಕು. ಕೆಲಸಗಳನ್ನು ತಾನಾಗಿ ನಡೆಸುವ ಫ್ಲೋ ಅಂತ ಮೈಕ್ರೋಸಾಫ್ಟ್‌ನದೇ ಒಂದಿತ್ತು, 2019ರಲ್ಲಿ ಪವರ್ ಆಟೋಮೇಟ್ ಆಯಿತು. ಆ್ಯಪ್‌ಗಳ ಮಾಹಿತಿ ಕೂಡಿಡುವ ಕಾಮನ್ ಡೇಟಾ ಸರ್ವಿಸ್ ಅಂತ ಇನ್ನೊಂದಿತ್ತು. 2020ರ ಜುಲೈನಲ್ಲಿ ಅದನ್ನು ಡೇಟಾಫ್ಲೆಕ್ಸ್ ಪ್ರೊ ಅಂತ ಕರೆದರು. ನಾಮಕರಣದ ಹೋಳಿಗೆ ಅರಗುವ ಮೊದಲೇ ಫ್ಲಾರಿಡಾದ ಕಂಪನಿಯೊಂದು ಎದ್ದು ನಿಂತಿತು. ದಶಕಗಳಿಂದ ಡೇಟಾಫ್ಲೆಕ್ಸ್ ಅನ್ನುವ ಹೆಸರಲ್ಲಿ ವ್ಯಾಪಾರ ಮಾಡ್ತಿರೋದು ನಾವು ಅಂದಿತು. ಅದೇ ನವೆಂಬರ್‌ಗೆ ಡೇಟಾವರ್ಸ್ ಅಂತಾಯಿತು. ಜೊತೆಗೆ ಎಂಟಿಟಿ ಇದ್ದದ್ದು ಟೇಬಲ್ ಆಯಿತು, ಫೀಲ್ಡ್ ಕಾಲಂ ಆಯಿತು, ರೆಕಾರ್ಡ್ ರೋ ಆಯಿತು. ಅಣ್ಣ ವರ್ಷಾನುಗಟ್ಟಲೆ ಬರೆದಿಟ್ಟ ಟಿಪ್ಸ್ ಎಲ್ಲ ಒಂದೇ ವರ್ಷದಲ್ಲಿ ಹಳೇ ದಸ್ತಾವೇಜು. ಮತ್ತೆ ಕೂತು ಬರೆದ. ಸ್ಕ್ರೀನ್‌ಶಾಟ್‌ಗಳನ್ನೂ ಹೊಸದಾಗಿ ತೆಗೆದ. ಹೆಸರು ಬದಲಿಸಿದ ಮಾರ್ಕೆಟಿಂಗ್‌ನವರಿಗೆ ಬೋನಸ್ ಬಂದಿರಬೇಕು.

ಎಲ್ಲ ತಪ್ಪೂ ಹೆಸರಿಗೆ ಸಂಬಂಧಿಸಿದ್ದಾದರೆ ನಕ್ಕು ಸುಮ್ಮನಾಗಬಹುದಿತ್ತು. 2021ರ ಆಗಸ್ಟ್‌ನಲ್ಲಿ ಅಪ್‌ಗಾರ್ಡ್ ಅನ್ನುವ ಭದ್ರತಾ ಸಂಸ್ಥೆ ಬಯಲು ಮಾಡಿದ ಸಂಗತಿ ಗೊತ್ತಲ್ಲ? ಪವರ್ ಆ್ಯಪ್ಸ್‌ನಿಂದ ಕಟ್ಟಿದ ಪೋರ್ಟಲ್‌ಗಳಿಂದ, ಅಂದರೆ ವೆಬ್‌ಸೈಟುಗಳಿಂದ, 3 ಕೋಟಿ 80 ಲಕ್ಷ ದಾಖಲೆಗಳು ಯಾರು ಬೇಕಾದರೂ ನೋಡುವಂತೆ ಬಿದ್ದಿದ್ದವು. ಅಮೆರಿಕದಲ್ಲಿ ಕೋವಿಡ್ ಸೋಂಕಿತರ ಸಂಪರ್ಕದ ಪಟ್ಟಿ, ಲಸಿಕೆ ಅಪಾಯಿಂಟ್‌ಮೆಂಟು, ಕೆಲಸಕ್ಕೆ ಅರ್ಜಿ ಹಾಕಿದವರ ವಿವರ. ಮೈಕ್ರೋಸಾಫ್ಟ್‌ನ ಸ್ವಂತ ಪಟ್ಟಿಗಳೂ ಇದ್ದವು. ಕಾರಣ ಒಂದು ಸ್ವಿಚ್ಚು. ಯಾರು ಏನನ್ನು ನೋಡಬಹುದು ಅಂತ ತಡೆಯುವ ಟೇಬಲ್ ಪರ್ಮಿಷನ್ ಅನ್ನುವುದನ್ನು ನಾವೇ ಹಾಕಬೇಕಿತ್ತು, ತಾನಾಗಿ ಇರುತ್ತಿರಲಿಲ್ಲ. ಕೋಡ್ ಬಾರದವರೂ ಮಾಡಬಹುದು ಅಂತ ಮಾರಿದವರು, ಬೀಗ ಹಾಕುವ ಕೆಲಸವನ್ನು ಮಾತ್ರ, ಬಲ್ಲವರಿಗೆ ಬಿಟ್ಟಿದ್ದರು. ಮರ್ಯಾದೆ ಹೋದ ಮೇಲೆ ಅದನ್ನು ಮೊದಲೇ ಆನ್ ಇರುವ ಹಾಗೆ ಬದಲಿಸಿದರು.

ಟಿಪ್ಸ್ ಕೊಡುವ ಅಣ್ಣಂದಿರು, ಅಕ್ಕಂದಿರು ಒಳ್ಳೆಯವರು. ನಿಜವಾಗಲೂ ಒಳ್ಳೆಯವರು. ಗೊತ್ತಿಲ್ಲದವರಿಗೆ ಹೇಳಿಕೊಡುವ ಖುಷಿ ದೊಡ್ಡದು, ಅದನ್ನು ಗೇಲಿ ಮಾಡಲ್ಲ. ಬೆಂಗಳೂರಿನಲ್ಲಿ ಶನಿವಾರ ಬೆಳಗ್ಗೆ ಟ್ರಾಫಿಕ್ ದಾಟಿ ಹೋಗಿ, ಗುರುತಿಲ್ಲದ ನೂರು ಜನಕ್ಕೆ ಪಾಠ ಹೇಳಿ, ಒಂದು ಸ್ಟಿಕ್ಕರ್ ತಗೊಂಡು ಮನೆಗೆ ಬರುವವರಿದ್ದಾರೆ. ಆದರೆ 2024ರ ಹಣಕಾಸು ವರ್ಷದಲ್ಲಿ 24,500 ಕೋಟಿ ಡಾಲರ್ ಆದಾಯ ತೋರಿಸಿದ ಕಂಪನಿಗೆ ಸಹಾಯವಾಣಿ ನಡೆಸಲು ಇವರ ನಿದ್ದೆಯೇ ಬೇಕಾ? ಲೈಸೆನ್ಸ್‌ಗೆ ತಲೆಗಿಷ್ಟು ಅಂತ ತಿಂಗಳು ತಿಂಗಳು ವಸೂಲಿ ಮಾಡ್ತಾರಲ್ಲ, ಆ ದುಡ್ಡಲ್ಲಿ ನಾಲ್ಕು ಜನರನ್ನು ಸಂಬಳಕ್ಕೆ ಇಟ್ಟುಕೊಳ್ಳೋಕೆ ಏನು ಧಾಡಿ? ಇದಕ್ಕೆ ಸಮುದಾಯ ಅಂತ ಹೆಸರು. ನಮ್ಮಲ್ಲಿ ಬಿಟ್ಟಿ ಚಾಕರಿ ಅಂತೀವಿ.

ಈ ಅಣ್ಣಂದಿರಿಗೆ ಮೈಕ್ರೋಸಾಫ್ಟ್ ಕೊಡುವ ಬಿರುದೂ ಇದೆ, ಎಂವಿಪಿ (ಮೋಸ್ಟ್ ವ್ಯಾಲ್ಯುಬಲ್ ಪ್ರೊಫೆಷನಲ್) ಅಂತ. 1993ರಿಂದ ಕೊಡುತ್ತಿದ್ದಾರೆ. ಒಂದು ವರ್ಷದ ಮಟ್ಟಿಗೆ ಮಾತ್ರ. ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ಭಾಷಣ, ಎಷ್ಟು ವಿಡಿಯೊ, ಎಷ್ಟು ಉತ್ತರ ಅಂತ ಲೆಕ್ಕ ಒಪ್ಪಿಸಿದರೆ ಮುಂದಿನ ವರ್ಷಕ್ಕೂ ಸಿಗಬಹುದು. ಅಣ್ಣನ ಮಗಳಿಗೆ ಜ್ವರ ಬಂದ ತಿಂಗಳು ಆ ಲೆಕ್ಕದಲ್ಲಿ ಖಾಲಿ.

ಇನ್ನು ಅವನ ಸ್ವಂತ ಆಫೀಸು. ಅಪ್ರೈಸಲ್‌ನಲ್ಲಿ ಬಿರುದಿನ ವಿಷಯ ಎತ್ತಿದರೆ ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡು, "ಇದಕ್ಕೆಲ್ಲ ಟೈಮ್ ಎಲ್ಲಿಂದ ಸಿಗುತ್ತೆ ನಿಮಗೆ?" ಅನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ, "ನಮ್ಮ ಎಚ್‌ಆರ್‌ದು ಒಂದು ಆ್ಯಪ್ ಇದೆ, ಸ್ವಲ್ಪ ನೋಡ್ತೀರಾ? ಕೋಡ್ ಏನೂ ಇಲ್ಲ, ಸುಮ್ನೆ ಐದು ನಿಮಿಷದ ಕೆಲಸ."