ಗಾಡಿ ರೆಡಿ ಆಗೈತಂತ!

ಇವತ್ತು ಬೆಳಿಗ್ಗೆ ಅಂಗಡಿ ಶಟರ್ ಎತ್ತುವಷ್ಟರಲ್ಲೇ ತಲೆ ಕೆಟ್ಟಿತು. ನಮ್ಮ ಬಾಗಲಕೋಟೆ ನವನಗರದ ಒಬ್ಬರು, ಪರಿಚಯದವರೇ, ಮಗನಿಗೆ ಸೆಕೆಂಡ್ ಹ್ಯಾಂಡ್ ಸ್ಕೂಟರ್ ತಗೊಂಡಿದ್ದಾರೆ. ಹುಡುಗನಿಗೆ ಹದಿನೆಂಟು ತುಂಬಿದೆ, ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಬಂದಿದೆ, ವಿದ್ಯಾಗಿರಿಯ ಕಾಲೇಜಿಗೆ ಹೋಗಿ ಬರೋಕೆ ಗಾಡಿ ಬೇಕು. ಒಳ್ಳೇದು, ನನ್ನದೇನೂ ತಕರಾರಿಲ್ಲ.

"ಅಣ್ಣಾರ, ಎಲ್ಲಾ ರೆಡಿ ಮಾಡಿಸೇನ್ರಿ, ಒಂದ್ ಸಲ ನೋಡ್ರಿ" ಅಂದರು. ನೋಡಿದೆ. ಕಾರಹುಣ್ಣಿಮೆಯ ಎತ್ತಿನ ಹಾಗೆ ಸಿಂಗಾರ ಮಾಡಿದ್ದಾರೆ. ಎರಡೂ ಕಡೆ ಬೆಂಕಿ ಜ್ವಾಲೆಯ ಸ್ಟಿಕ್ಕರ್. ಹೊಸ ಸೀಟ್ ಕವರ್. ಕಣ್ಣು ಕುಕ್ಕುವ ನೀಲಿ ಎಲ್‌ಇಡಿ. ದನ ಬೆದರುವ ಹಾರ್ನ್. ಕನ್ನಡಿ ಎರಡೂ ಬಿಚ್ಚಿ ಸೀಟಿನ ಕೆಳಗೆ ಇಟ್ಟಿದ್ದಾರೆ, "ಹುಡುಗಗ ಚಂದ ಕಾಣೂದಿಲ್ಲಂತ್ರಿ." ಬ್ರೇಕ್ ಲಿವರ್ ಹಿಡಿದೆ. ಹೋಗಿ ಹ್ಯಾಂಡಲ್‌ಗೇ ತಾಗಿತು.

"ಬ್ರೇಕ್ ಶೂ ಮುಗದಾವಲ್ರೀ!"

"ಮುಂದಿನ ತಿಂಗಳ ಹಾಕಸ್ತೇನ್ರಿ, ಈಗ ಖರ್ಚ್ ಭಾಳ ಆಗೈತಿ."

ಯಾತಕ್ಕೆ ಆಯ್ತು ಸ್ವಾಮಿ ಖರ್ಚು? ಬೆಂಕಿ ಜ್ವಾಲೆಗೆ!

ನಾನು ಸ್ಪೇರ್ ಪಾರ್ಟ್ಸ್ ಮಾರಿ ಬದುಕುವವನು ಅಂತ ನಿಮಗೆಲ್ಲ ಗೊತ್ತು. ನಿಜ ಹೇಳಿಬಿಡುತ್ತೇನೆ, ಬ್ರೇಕ್ ಶೂಗಿಂತ ಸ್ಟಿಕ್ಕರ್‌ನಲ್ಲೇ ನನಗೆ ಲಾಭ ಜಾಸ್ತಿ. ಹಾಗಾಗಿ ಇದನ್ನು ವ್ಯಾಪಾರದ ಮಾತು ಅಂದುಕೊಳ್ಳಬೇಡಿ. ಇದು ನನ್ನ ಗಲ್ಲಾಪೆಟ್ಟಿಗೆಗೆ ವಿರುದ್ಧದ ಮಾತು.

ಡ್ರಮ್ ಬ್ರೇಕ್ (ಗಾಲಿಯ ಡಬ್ಬಿಯೊಳಗೆ ಶೂ ಉಜ್ಜಿ ಗಾಡಿ ನಿಲ್ಲಿಸುವ ಬಗೆ) ನೋಡೋಕೆ ಮೆಕ್ಯಾನಿಕ್ ಕೂಡ ಬೇಡ. ಹಿಂದಿನ ಗಾಲಿಯ ಹತ್ತಿರ ಬ್ರೇಕ್ ಆರ್ಮ್ ಇರುತ್ತದೆ. ಅದರ ಜೊತೆ ಒಂದು ಸಣ್ಣ ಬಾಣದ ಗುರುತು, ಡ್ರಮ್ ಪ್ಲೇಟ್ ಮೇಲೆ ಇನ್ನೊಂದು ಗುರುತು. ಲಿವರ್ ಪೂರ್ತಿ ಹಿಡಿದಾಗ ಬಾಣ ಆ ಗುರುತಿಗೆ ಮುಟ್ಟಿತು ಅಂದರೆ ಶೂ ಮುಗಿದವು ಅಂತಲೇ ಲೆಕ್ಕ. ಆಮೇಲೆ ಬ್ರೇಕ್ ಕೇಬಲ್‌ನ ನಟ್ ಎಷ್ಟು ಬಿಗಿ ಮಾಡಿದರೂ ಸುಮ್ನೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಸಿಬಿಎಸ್ (ಎರಡೂ ಬ್ರೇಕ್ ಜೋಡಿಸಿದ ವ್ಯವಸ್ಥೆ) ಇಲ್ಲವೇ ಎಬಿಎಸ್ (ಗಾಲಿ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಕಡ್ಡಾಯ ಆಯ್ತು. ಸಿಬಿಎಸ್ ಇರುವ ಸ್ಕೂಟರಿನಲ್ಲಿ ಎಡಗೈ ಲಿವರ್ ಹಿಡಿದರೆ ಹಿಂದಿನ ಜೊತೆ ಮುಂದಿನ ಬ್ರೇಕೂ ಬೀಳಬೇಕು. ಈ ಗಾಡಿಯಲ್ಲೂ ಸಿಬಿಎಸ್ ಇದೆ. ಆದರೆ ಮುಂದಿನ ಕೇಬಲ್ ಅಡ್ಜಸ್ಟ್ ಮಾಡದೆ ಜೋತುಬಿದ್ದಿದೆ. ಲಿವರ್ ಹತ್ತಿರ ಕೇಬಲ್‌ನ ಎಳೆ ಬಿಚ್ಚಿಕೊಂಡು ನಿಂತಿವೆ. ಒಂದು ದಿನ ಹುಡುಗ ಜೋರಾಗಿ ಹಿಡಿದಾಗಲೇ ಅದು ಹರಿಯುವುದು, ಮೆಲ್ಲಗೆ ಹಿಡಿದಾಗ ಅಲ್ಲ.

ಇಲ್ಲಿ ಕೆಲವರಿಗೆ ಕೋಪ ಬರುತ್ತದೆ, ಗೊತ್ತು. "ನಾವೇನ್ ಹಿಂಗ ಎಲ್ಲಾ ನೋಡಿ ಕಲ್ತೀವೇನೋ? ನಮಗೇನ್ ಆತು?" ಅನ್ನುತ್ತೀರಿ. ಏನೂ ಆಗಿಲ್ಲ, ಖುಷಿ. ಆದರೆ ನೀವು ಕಲಿತದ್ದು ಲೂನಾ ಮೇಲೆ. 1972ರಲ್ಲಿ ಬಂದ 50 ಸಿಸಿ ಗಾಡಿ ಅದು, ಏರು ಬಂದರೆ ಪೆಡಲ್ ತುಳಿಯಬೇಕಿತ್ತು. ಈಗಿನ ಹಳೇ ಸ್ಕೂಟರ್ 110 ಸಿಸಿ. ಗಿಯರ್ ಇಲ್ಲ, ಕೈ ತಿರುವಿದರೆ ಸಾಕು, ನವನಗರದ ಅಗಲ ರಸ್ತೆಯಲ್ಲಿ ಎಪ್ಪತ್ತು ದಾಟಿದ್ದೇ ತಿಳಿಯುವುದಿಲ್ಲ. ನಿಮ್ಮ ಲೂನಾ ಕಥೆ ಇಟ್ಟುಕೊಂಡು ಈ ಹುಡುಗನ ಬ್ರೇಕ್ ಮುಂದಿನ ತಿಂಗಳಿಗೆ ಹಾಕಬೇಡಿ.

ಅದೂ ನಮ್ಮ ಜಿಲ್ಲೆಯಲ್ಲಿ! ಕಬ್ಬಿನ ಸೀಸನ್ ಶುರುವಾದರೆ ಮುಧೋಳ, ಜಮಖಂಡಿ ರಸ್ತೆ ಹೇಗಿರುತ್ತದೆ ಅಂತ ನಾನು ಹೇಳಬೇಕಾ? ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್. ಹಾಡು ಅರ್ಧ ಊರಿಗೆ ಕೇಳುತ್ತದೆ, ಹಿಂದಿನ ದೀಪ ಮಾತ್ರ ಇರುವುದಿಲ್ಲ. ಎಷ್ಟೋ ಟ್ರೇಲರ್‌ಗೆ ರಿಫ್ಲೆಕ್ಟರ್ ಪಟ್ಟಿಯೂ ಇಲ್ಲ. ರಾತ್ರಿ ಅದು ಕಂಡ ಮೇಲೆ ಉಳಿಯುವುದು ಬ್ರೇಕ್ ಒಂದೇ. ಮಳೆಯಾದರೆ ಹೊಲದಿಂದ ಬಂದ ಗಾಲಿಗಳು ಎರೆ ಮಣ್ಣನ್ನು ಡಾಂಬರಿನ ಮೇಲೆ ಬಳಿದು ಹೋಗುತ್ತವೆ. ಅದರ ಮೇಲೆ ಸವೆದ ಟೈರ್ ಬಿದ್ದರೆ ಮುಗಿಯಿತು.

ಟೈರ್ ಅಂದೆನಲ್ಲ, ಅದಕ್ಕೆ ಕಪ್ಪು ಪಾಲಿಶ್ ಹೊಡೆಸಿದ್ದರು. ಹೊಸದರ ಹಾಗೆ ಫಳಫಳ. ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಇದರಲ್ಲಿ 1416. ಅಂದರೆ 2016ರ ಹದಿನಾಲ್ಕನೇ ವಾರದ ಮಾಲು. ಗಾಡಿ ಅದಕ್ಕಿಂತ ಹೊಸದು! ಮಾರಿದವನು ಎಲ್ಲಿಂದಲೋ ತಂದು ಕೂರಿಸಿದ್ದಾನೆ. ನಮ್ಮ ಬಿಸಿಲಿಗೆ ರಬ್ಬರ್ ಬೇಗ ಗಟ್ಟಿಯಾಗುತ್ತದೆ, ಗಟ್ಟಿಯಾದ ರಬ್ಬರ್ ರಸ್ತೆ ಹಿಡಿಯುವುದಿಲ್ಲ. ಹಾಗಾದಾಗ ಬ್ರೇಕ್ ಚೆನ್ನಾಗಿದ್ದರೂ ಗಾಡಿ ಜಾರುತ್ತದೆ.

ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ ಇಂಜಿನ್ ಚಾಲೂ ಮಾಡಿ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುವಿದೆ. ಬಲಕ್ಕೆ ತಿರುವಿದಾಗ ಇಂಜಿನ್ ತಾನೇ ಕೂಗಿತು. ಅಂದರೆ ಎಕ್ಸಲರೇಟರ್ ಕೇಬಲ್ ಎಳೆಯುತ್ತಿದೆ. ಕಲಿಯುವ ಹುಡುಗ ಸಣ್ಣ ಗಲ್ಲಿಯಲ್ಲಿ ಯೂ ಟರ್ನ್ ಹೊಡೆಯುವಾಗ ಗಾಡಿ ತಾನಾಗಿ ಮುಂದಕ್ಕೆ ಚಿಮ್ಮುತ್ತದೆ. ಗಾಬರಿಯಲ್ಲಿ ಬ್ರೇಕ್ ಹಿಡಿಯುತ್ತಾನೆ. ಬ್ರೇಕ್? ಮುಂದಿನ ತಿಂಗಳು.

ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಬ್ರೇಕ್ ಲೈಟ್ ಸ್ವಿಚ್ ಎಲ್ಲ ಬರೆಯುತ್ತಾ ಹೋದರೆ ನೀವು ಸ್ಕ್ರೋಲ್ ಮಾಡುತ್ತೀರಿ, ಬಿಡುತ್ತೇನೆ. ಕಾಗದದ ಮಾತು ಒಂದೇ. ಮಹಾರಾಷ್ಟ್ರದ ಸೋಲಾಪುರ, ಸಾಂಗ್ಲಿ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡು ಬರಬೇಡಿ, ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ತಕರಾರಿಲ್ಲ ಅನ್ನುವ ಪತ್ರ) ತನ್ನಿ, ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿ. ಹೆಲ್ಮೆಟ್ ಐಎಸ್‌ಐ ಗುರುತಿನದ್ದೇ ಇರಲಿ. ಟೋಪಿಯಂಥದ್ದು ತಲೆಗಲ್ಲ, ಪೊಲೀಸರಿಗೆ ತೋರಿಸೋಕೆ. ಮತ್ತೆ, ಎಲ್‌ಎಲ್ ಇರುವಾಗ ಹಿಂದೆ ಗೆಳೆಯನನ್ನು ಕೂರಿಸುವ ಹಾಗಿಲ್ಲ. ಲೈಸೆನ್ಸ್ ಇರುವ, ಕಲಿಸುವವರು ಮಾತ್ರ ಕೂರಬಹುದು. ಇದನ್ನು ಹೇಳಿದಾಗ ಆ ಹುಡುಗ ನನ್ನ ಮುಖ ನೋಡಿದ ರೀತಿ ನೀವು ನೋಡಬೇಕಿತ್ತು.

ಕೊನೆಗೆ ಏನಾಯ್ತು ಅಂತೀರಾ? ಅಪ್ಪ ಮುಖ ಗಂಟಿಕ್ಕಿಕೊಂಡೇ ಶೂ, ಕೇಬಲ್ ಹಾಕಿಸಿಕೊಂಡರು. ಕನ್ನಡಿ ನಾನೇ ತಿರುವಿ ಕೂರಿಸಿದೆ. ಟೈರಿಗೆ ಉದ್ರಿ ಕೊಟ್ಟೆ. ಹೌದು, ಉದ್ರಿ! ಮನೆಯಲ್ಲಿ ಹೇಳಬೇಡಿ.

ಹತ್ತನೇ ಕ್ಲಾಸು, ಪಿಯುಸಿ ಮಕ್ಕಳಿಗೆ ಗಾಡಿ ಕೊಡುವವರು ನನ್ನನ್ನು ಏನೂ ಕೇಳಲೇಬೇಡಿ. ಕಾನೂನಿನಲ್ಲಿ 16 ತುಂಬಿದವರಿಗೆ ಇರುವುದು 50 ಸಿಸಿ ಒಳಗಿನ ಗಾಡಿ, ಅದೂ ಲೈಸೆನ್ಸ್ ಇದ್ದರೆ. ಇವತ್ತು ಹಾಲಿನ ಕ್ಯಾನ್ ಹೊರುವ ಮೊಪೆಡ್ಡೇ 100 ಸಿಸಿ. 2019ರ ತಿದ್ದುಪಡಿ ಪ್ರಕಾರ ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಹದಿನೆಂಟು ತುಂಬಿದ ಮಕ್ಕಳ ಗಾಡಿ ಇದ್ದರೆ ತನ್ನಿ, ನೋಡಿ ಹೇಳೋಕೆ ದುಡ್ಡಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಅಂಗಡಿ ಬಂದ್. ಸ್ಟಿಕ್ಕರ್ ಮಾತ್ರ ಈ ವಾರ ಕೇಳಬೇಡಿ, ಇದ್ದರೂ ಕೊಡುವುದಿಲ್ಲ.