ಓದಿದ್ದು ಒಬ್ಬರು

ನಮ್ಮ ಭಾವ ಬೆಳಗಿನ ಜಾವ ಏಳುವುದರ ಮೇಲೆ ಯಾವುದೋ ಪುಸ್ತಕ ಓದಿದ್ದಾರೆ. ಅವತ್ತಿನಿಂದ ಐದು ಗಂಟೆಗೆ ನನಗೆ ಫೋನು. "ಏನಯ್ಯಾ, ಇನ್ನೂ ಎದ್ದಿಲ್ವಾ?" ಅಕ್ಕ ಪಾಪ, ಅಷ್ಟು ಹೊತ್ತಿಗೇ ಎದ್ದು ಕಾಫಿ ಬೆರೆಸುತ್ತಾಳೆ. ಅವಳು ಆ ಪುಸ್ತಕ ಮುಟ್ಟಿಯೂ ಇಲ್ಲ.

ಪುಸ್ತಕ ಮನುಷ್ಯನನ್ನು ಬದಲಿಸುತ್ತದೆ ಅಂತ ಭಾಷಣ ಮಾಡುವವರೆಲ್ಲ ಗಾಂಧೀಜಿಯ ರೈಲು ಪ್ರಯಾಣದ ಕಥೆ ಹೇಳುತ್ತಾರೆ. 1904ನೇ ಇಸವಿ, ದಕ್ಷಿಣ ಆಫ್ರಿಕಾ. ಜೋಹಾನ್ಸ್‌ಬರ್ಗ್ ಸ್ಟೇಷನ್ನಿಗೆ ಕಳಿಸಿಕೊಡಲು ಬಂದ ಗೆಳೆಯ ಪೋಲಕ್, ದಾರಿಯಲ್ಲಿ ಓದಿಕೊಳ್ಳಿ ಅಂತ ಇಂಗ್ಲಿಷ್ ಲೇಖಕ ರಸ್ಕಿನ್ನನ 'ಅನ್‌ಟು ದಿಸ್ ಲಾಸ್ಟ್' ಅನ್ನುವ ಪುಸ್ತಕ ಕೊಟ್ಟರು. ಡರ್ಬನ್ನಿಗೆ 24 ಗಂಟೆ ದಾರಿ. ಹಿಡಿದ ಪುಸ್ತಕ ಕೆಳಗಿಡಲಾಗಲಿಲ್ಲ, ರಾತ್ರಿ ನಿದ್ದೆ ಬರಲಿಲ್ಲ, ಬದುಕೇ ಬದಲಾಯಿತು. ಚಪ್ಪಾಳೆ.

ನನ್ನ ತಕರಾರು ಆಮೇಲಿನದ್ದು. ಓದಿದ್ದು ಗಾಂಧಿ, ಗಂಟುಮೂಟೆ ಕಟ್ಟಿದ್ದು ಪ್ರೆಸ್ಸಿನವರು. ಮೈಮುರಿದು ದುಡಿಯುವ ಬದುಕೇ ಬದುಕು ಅಂತ ಆ ಪುಸ್ತಕದಿಂದ ಗಾಂಧಿಗೆ ಅನಿಸಿದ್ದೇ, ಅವರು ನಡೆಸುತ್ತಿದ್ದ 'ಇಂಡಿಯನ್ ಒಪಿನಿಯನ್' ಪತ್ರಿಕೆ ಡರ್ಬನ್ನಿನಿಂದ 14 ಮೈಲಿ ಆಚೆ ಫೀನಿಕ್ಸಿಗೆ ಹೋಯಿತು. 100 ಎಕರೆ ಜಮೀನು, ಒಂದಷ್ಟು ಮಾವು, ಕಿತ್ತಳೆ ಮರ, ದಟ್ಟ ಹುಲ್ಲು, ಹುಲ್ಲಿನ ತುಂಬ ಹಾವು. ಎಲ್ಲರಿಗೂ ಒಂದೇ ಸಂಬಳ, ತಿಂಗಳಿಗೆ 3 ಪೌಂಡು.

ಅಲ್ಲಿನ ಮೊದಲ ಸಂಚಿಕೆ ಅಚ್ಚಾಗಬೇಕಾದ ರಾತ್ರಿಯೇ ಎಣ್ಣೆ ಇಂಜಿನ್ ಕೈಕೊಟ್ಟಿತು. ಕೈಯಲ್ಲಿ ತಿರುಗಿಸುವ ಚಕ್ರವೇನೋ ಇತ್ತು, ಆದರೆ ಅದಕ್ಕೆ ಒಂದು ಸಲಕ್ಕೆ ನಾಲ್ಕು ಜನ ಬೇಕು. ಪ್ರೆಸ್ಸಿನವರು ಆಗಲೇ ಸುಸ್ತು. ಕಟ್ಟಡದ ಕೆಲಸ ಮುಗಿಯದ ಕಾರಣ ಬಡಗಿಗಳು ಅಲ್ಲೇ ನೆಲದ ಮೇಲೆ ಮಲಗಿದ್ದರು. ಗಾಂಧಿ ಹೋಗಿ ಅವರನ್ನು ಎಬ್ಬಿಸಿದರು. ಖುಷಿಯಿಂದಲೇ ಎದ್ದು ಬಂದರು ಅಂತ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕೆಲಸ ಕೊಟ್ಟವರು ನಡುರಾತ್ರಿ ಎಬ್ಬಿಸಿದರೆ ಇನ್ನೇನು ಹೇಳುವುದಕ್ಕಾಗುತ್ತೆ ಹೇಳಿ? ಗಾಂಧಿಯೂ ಕೈಹಾಕಿದರು, ಅದನ್ನು ಒಪ್ಪಿಕೊಳ್ಳಬೇಕು. ಜೊತೆಗಾರ ವೆಸ್ಟ್ ಪ್ರಾರ್ಥನಾಗೀತೆ ಹಾಡಿದರು. ಬೆಳಿಗ್ಗೆ ಏಳಾದರೂ ಕೆಲಸ ಬಾಕಿ. ರಾತ್ರಿ ಜಪ್ಪಯ್ಯ ಅನ್ನದಿದ್ದ ಇಂಜಿನ್, ಆಗ ಇಂಜಿನಿಯರ್ ಮುಟ್ಟಿದ್ದೇ ತಡ, ಹೊರಟೇಬಿಟ್ಟಿತು! ನಮ್ಮನ್ನು ಪರೀಕ್ಷಿಸಲೆಂದೇ ಅದು ಕೆಟ್ಟಿತ್ತು ಅಂತ ಗಾಂಧಿಗೆ ಅನಿಸಿತಂತೆ. ಸರಿ. ಆದರೆ ಪರೀಕ್ಷೆಗೆ ಕೂತ ಬಡಗಿಗಳು ರಸ್ಕಿನ್ನನ ಒಂದು ಸಾಲನ್ನಾದರೂ ಓದಿದ್ದರೇ?

ಪುಸ್ತಕ ಕೊಟ್ಟ ಪೋಲಕ್ ಕೂಡ ಫೀನಿಕ್ಸಿಗೆ ಬಂದರು. ಜಾಸ್ತಿ ದಿನ ಇರಲಿಲ್ಲ, ಗಾಂಧಿಯ ವಕೀಲಿ ಆಫೀಸಿಗೆ ಅವರು ಬೇಕಾಗಿದ್ದರು. ಗಾಂಧಿಗೂ ಅಲ್ಲಿ ಆಗಾಗ ನಾಲ್ಕು ದಿನ ಇದ್ದುಬರಲು ಆಯಿತೇ ಹೊರತು ನೆಲೆಸಲಾಗಲಿಲ್ಲ. ಅದನ್ನು ನೆನೆದು ಆಮೇಲೆ ಮರುಗಿದ್ದಾರೆ. ಏನು ಮಾಡುವುದು, ವಕೀಲಿ ಜೋಹಾನ್ಸ್‌ಬರ್ಗಿನಲ್ಲಿತ್ತು. ವಾರವಾರ ಪತ್ರಿಕೆ ತರಬೇಕಾದವರು ಮಾತ್ರ ಹಾವುಗಳ ಜೊತೆ ಫೀನಿಕ್ಸಿನಲ್ಲೇ ಉಳಿದರು.